ಸಾರುವವನಿಗೆ ಸಾರುವವರು ಯಾರು

ಹಾಸನದ ನಮ್ಮ ಮನೆಗೆ ಈಚೆಗೆ ಇಬ್ಬರು ಹುಡುಗರು ಬಂದಿದ್ದರು. ಇಬ್ಬರೂ ರಸ್ತೆ ಕೆಲಸಕ್ಕೆ ಹೊಸದಾಗಿ ಸೇರಿದ ಇಂಜಿನಿಯರುಗಳು. ಹಳಬರನ್ನು ನೋಡಿ ಮಾತಾಡಿಸೋಣ ಎಂದು ಬಂದವರು, ಕಾಫಿ ಲೋಟ ಕೈಗೆ ಬರುವ ಮೊದಲೇ ಗೋಳು ತೆಗೆದರು. "ಸಾರ್, ಈಗಿನ ಜನ ಉಸಿರಾಡೋಕೆ ಬಿಡಲ್ಲ. ಎಸ್ಟಿಮೇಟ್ ತೋರಿಸಿ ಅಂತಾರೆ. ಯಾರು ಒಪ್ಪಿದ್ದು ತೋರಿಸಿ ಅಂತಾರೆ. ನಮ್ಮ ಬೀದಿ ಅಗೆಯೋಕೆ ನಿಮಗೆ ಹೇಳಿದವರು ಯಾರು ಅಂತಾರೆ. ನಿಮ್ಮ ಕಾಲವೇ ಚೆನ್ನಾಗಿತ್ತು, ಜನ ಏನೂ ಕೇಳ್ತಿರಲಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಕೇಳುತ್ತಿದ್ದರು ಕಣಪ್ಪ, ಈಗಿನವರಿಗಿಂತ ಚೆನ್ನಾಗಿಯೇ ಕೇಳುತ್ತಿದ್ದರು. ನಾವು ಉತ್ತರ ಕೊಡುತ್ತಿರಲಿಲ್ಲ, ಅಷ್ಟೇ" ಎಂದೆ. ಹುಡುಗರು ಮುಖ ಮುಖ ನೋಡಿಕೊಂಡು, ಕಾಫಿ ಮುಗಿಸಿ, ನಮಸ್ಕಾರ ಹೇಳಿ ಹೊರಟರು. ಮುದುಕನಿಗೆ ಅರಳುಮರಳು ಎಂದುಕೊಂಡಿರಬೇಕು. ಅವರಿಗೆ ಬಾಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಯಾವಾಗ ಯಾವ ದರ್ಜೆಗೆ ಏರಿದೆ, ಯಾರು ನನಗೆ ಹಾರ ಹಾಕಿದರು ಎಂಬುದನ್ನೆಲ್ಲ ಇದರಲ್ಲಿ ಹುಡುಕಬೇಡಿ. ಅದು ಪಿಂಚಣಿ ಲೆಕ್ಕಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಉಪಯೋಗಕ್ಕೆ ಬರಲಿಲ್ಲ.

ನಾನು ಓವರ್ಸಿಯರ್ ಆಗಿ ಕೆಲಸಕ್ಕೆ ಸೇರಿದ್ದು ಐವತ್ತರ ದಶಕದ ಆರಂಭದಲ್ಲಿ. ಹಳ್ಳಿಯವರ ಬಾಯಲ್ಲಿ ಓರ್ಸೀರು. ಒಂದು ಸೈಕಲ್ಲು, ಅಳತೆಯ ಸರಪಳಿ, ಕೆಂಪು ಬಿಳಿ ಬಣ್ಣ ಹೊಡೆದ ಕೋಲುಗಳು, ಇವು ನನ್ನ ಆಸ್ತಿ. ಚನ್ನರಾಯಪಟ್ಟಣ, ಅರಕಲಗೂಡು, ಹೊಳೆನರಸೀಪುರ ಎಂದು ತಾಲ್ಲೂಕಿನಿಂದ ತಾಲ್ಲೂಕಿಗೆ ಚೆಂಡಿನ ಹಾಗೆ ಒದೆಸಿಕೊಂಡು ತಿರುಗಿದವನು. ರಸ್ತೆ ಎಲ್ಲಿ ಹೋಗಬೇಕೆಂದು ಅಳೆಯುವುದು, ಗೂಟ ಹೊಡೆಸುವುದು, ಜಲ್ಲಿ ಹಾಕುವಾಗ ಬಿಸಿಲಲ್ಲಿ ನಿಂತು ಕೂಗಾಡುವುದು ನನ್ನ ಕೆಲಸ. ಮೇಲಿನವರು ತಪ್ಪು ಮಾಡಿದರೆ ಜನ ನನ್ನನ್ನು ಬೈಯುತ್ತಿದ್ದರು. ಜನ ತಕರಾರು ಮಾಡಿದರೆ ಮೇಲಿನವರು ನನ್ನನ್ನು ಬೈಯುತ್ತಿದ್ದರು. ಈ ಒಂದು ವಿಷಯದಲ್ಲಿ ಕಾಲ ಬದಲಾಗಿರಲಾರದು.

ಮೊದಲು ಚನ್ನರಾಯಪಟ್ಟಣದ ಕಡೆ ಆದ ಒಂದು ನಗೆಪಾಟಲು ಹೇಳುತ್ತೇನೆ. ಒಂದು ಸರ್ಕಾರಿ ಬೀಳು ಭೂಮಿಯ ಮೇಲೆ ರಸ್ತೆ ಹಾಯಬೇಕಿತ್ತು. ನಾನು ಹೊಸ ಹುರುಪಿನಲ್ಲಿ ಸಂಜೆಯ ಹೊತ್ತಿಗೆ ಉದ್ದಕ್ಕೂ ಗೂಟ ಹೊಡೆಸಿ, ಒಂದೊಂದಕ್ಕೂ ಚೆಂದವಾಗಿ ನಂಬರು ಬರೆಸಿ ಬಂದೆ. ಊರಿನಲ್ಲಿ ಯಾರಿಗೂ ಏನೂ ಹೇಳಲಿಲ್ಲ, ಹೇಳಬೇಕು ಎಂದು ನನಗೂ ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಪ್ರತಿ ಗೂಟದ ಹತ್ತಿರವೂ ಒಂದೊಂದು ಸಂಸಾರ! ಗೂಟದ ಸುತ್ತ ಕಲ್ಲು ಜೋಡಿಸಿದ್ದಾರೆ, ಒಬ್ಬ ಮೇಕೆ ಕಟ್ಟಿದ್ದಾನೆ, ಇನ್ನೊಬ್ಬ ಆಗಲೇ ಹುರುಳಿ ಚೆಲ್ಲಲು ನೆಲ ಕೆದಕುತ್ತಿದ್ದಾನೆ. ಒಬ್ಬ ಮುದುಕ ಓಡಿ ಬಂದು ಕೈಮುಗಿದ. "ನಮ್ಗೆ ಮೂರ್ನೇ ನಂಬ್ರು ಬಂದದೆ ಸಾ. ದೇವ್ರು ಕಣ್ ಬುಟ್ಟ."

ಆ ಜನ ಭೂಮಿ ಕೊಡಿ ಎಂದು ವರ್ಷಗಟ್ಟಲೆ ದರಖಾಸ್ತು ಅರ್ಜಿ ಹಾಕಿಕೊಂಡು ಕಾದಿದ್ದವರು. ನಂಬರು ಬರೆದ ಗೂಟ ಕಂಡಕೂಡಲೇ ಸರ್ಕಾರ ಜಮೀನು ಹಂಚಿತು ಎಂದುಕೊಂಡಿದ್ದರು. ಇದು ರಸ್ತೆಯ ಗೂಟ ಎಂದು ನಾನು ಹೇಳಿದೆ. "ಅಂಗಾದ್ರೆ ನಮ್ಗೇನೂ ಇಲ್ವಾ ಸಾ?" ಎಂದ ಮುದುಕ. ಆಮೇಲೆ ಮೇಕೆ ಬಿಚ್ಚಿಕೊಂಡು ಹೋದ. ಈ ಕಥೆಯನ್ನು ನಾನು ಆಫೀಸಿನಲ್ಲಿ ಎಷ್ಟು ಸಲ ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ. ನಗಲಿಲ್ಲ ಎಂದರೆ ಒಬ್ಬರೇ, ಆಗಿನ ನಮ್ಮ ಅಸಿಸ್ಟೆಂಟ್ ಇಂಜಿನಿಯರು.

ಅವರ ಬಗ್ಗೆ ಹೇಳಲೇಬೇಕು. ಮೈಸೂರು ಪೇಟ, ಮುಚ್ಚು ಕೋಟು, ಬಾಯಿ ತುಂಬ ಬೈಗುಳ. ಹಳೆಯ ಕಾಲದ ಮನುಷ್ಯ. ಜಲ್ಲಿ ಗುಡ್ಡೆ ಕಂಡರೆ ಜೀಪು ನಿಲ್ಲಿಸಿ ಸುತ್ತಿಗೆಯಿಂದ ಕಲ್ಲು ಒಡೆದು ನೋಡುತ್ತಿದ್ದರು. ಅವರು ಯಾವ ಊರಿನಲ್ಲೂ ಜನರನ್ನು ಕೂಡಿಸದೆ ಗೂಟ ಹೊಡೆಯಲು ಬಿಡುತ್ತಿರಲಿಲ್ಲ. ಗುಡಿಯ ಅಂಗಳಕ್ಕೆ ಹೋಗಿ, ಯಾರದಾದರೂ ಮನೆಯಿಂದ ಒಲೆಯ ಬೂದಿ ತರಿಸಿ, ನೆಲದ ಮೇಲೆ ಇಡೀ ಊರನ್ನೇ ಬರೆಸುತ್ತಿದ್ದರು. ಇದು ಕೆರೆ, ಇದು ಗುಡಿ, ಇದು ನಿನ್ನ ಹಿತ್ತಲು, ಇಗೋ ರಸ್ತೆ. ಜನ ಆ ಬೂದಿಯ ಊರಿನಲ್ಲಿ ನಡೆದಾಡಿ ಜಗಳ ಆಡುತ್ತಿದ್ದರು. ಅರಕಲಗೂಡು ತಾಲ್ಲೂಕಿನಲ್ಲಿ, ರುದ್ರಪಟ್ಟಣದ ಆಚೆಗಿನ ಒಂದು ಊರಿನಲ್ಲಿ ಒಬ್ಬ ಅಜ್ಜಿ ಸೆರಗು ಬಿಗಿದು ಬಂದು, ಬೂದಿಯ ರಸ್ತೆಯನ್ನು ಕಾಲಿನಿಂದಲೇ ಅಳಿಸಿ, "ಮಳೆ ಬಂದ್ರೆ ಅಲ್ಲಿ ನೀರು ನಿಂತ್ಕಂತದೆ, ಇಂಗೆ ತಿರುಗ್ಸಿ ಕಣ್ರಪ್ಪ" ಎಂದಳು. ಸಾಹೇಬರು ಅವಳನ್ನೂ ಬೈದರು. ಆಮೇಲೆ ಹೋಗಿ ನೆಲ ನೋಡಿ ಬಂದು ಹಾಗೆಯೇ ತಿರುಗಿಸಿದರು.

ಅವರು ನಿವೃತ್ತರಾದರು. ನಂತರ ಬಂದವರು ಓದಿದವರು, ಮೆಲ್ಲಗೆ ಮಾತಾಡುವವರು, ಯಾರನ್ನೂ ಬೈಯದವರು. ಬೂದಿ ಹೋಗಿ ನೀಲಿ ನಕ್ಷೆ ಬಂತು. ಅದನ್ನು ಆಫೀಸಿನ ಮೇಜಿನ ಮೇಲೆ ಹರಡಿ ನಾಲ್ಕು ಮೂಲೆಗೂ ಪೇಪರ್‌ವೆಯ್ಟ್ ಇಟ್ಟು ನೋಡಬೇಕು. ಹಳ್ಳಿಯವನು ಅದನ್ನು ಓದಲಾರ, ಓದಬಲ್ಲವನಾದರೂ ಆ ಮೇಜಿನ ಹತ್ತಿರ ಅವನನ್ನು ಬಿಡುವವರಿಲ್ಲ. ಅದೇ ಹೊತ್ತಿಗೆ ಚುನಾವಣೆ ನಡೆದು ತಾಲ್ಲೂಕು ಬೋರ್ಡುಗಳು ಬಂದವು. ಇನ್ನು ಜನರದೇ ಆಡಳಿತ, ಎಲ್ಲ ಬಹಿರಂಗ ಎಂದು ನಾವು ಸಣ್ಣ ನೌಕರರು ನಿಜವಾಗಿ ಸಂತೋಷಪಟ್ಟೆವು. ಹೊಸ ಪದ್ಧತಿ ಏನೆಂದರೆ, ಯಾವುದೇ ಹಳ್ಳಿ ರಸ್ತೆ ಮಂಜೂರು ಆಗುವ ಮೊದಲು ಊರಿನಲ್ಲಿ ತಮಟೆ ಹೊಡೆಸಿ ಸಾರಬೇಕು, ತಕರಾರು ಇದ್ದವರು ಚಾವಡಿಗೆ ಬಂದು ಹೇಳಬೇಕು. ತಕರಾರು ಬರದಿದ್ದರೆ ಜನ ಒಪ್ಪಿದ ಹಾಗೆ. ಕೇಳಲು ಎಷ್ಟು ಚೆನ್ನಾಗಿದೆ ನೋಡಿ.

ಈಗ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಹಳ್ಳಿಮೈಸೂರಿನ ಆ ಕಡೆಗೆ ಒಂದು ಊರು. ಅರಳೀಕೊಪ್ಪಲು ಎಂದುಕೊಳ್ಳಿ, ಅದು ಅದರ ನಿಜವಾದ ಹೆಸರಲ್ಲ. ಮನುಷ್ಯರ ಹೆಸರುಗಳನ್ನೂ ಬದಲಾಯಿಸಿದ್ದೇನೆ. ಊರಿನಿಂದ ದೊಡ್ಡ ರಸ್ತೆಗೆ ಸೇರುವ ದಾರಿಗೆ ಜಲ್ಲಿ ಹಾಕಬೇಕೆಂದು ಬೋರ್ಡು ತೀರ್ಮಾನ ಮಾಡಿತು. ನಾನು ಅಳತೆ ಮಾಡಿದೆ. ಊರು ದಾಟಲು ಎರಡು ದಾರಿ ಇದ್ದವು. ಒಂದು, ಪಟೇಲರ ತೆಂಗಿನ ತೋಟದ ಅಂಚಿನಲ್ಲಿ. ನೆಲ ಗಟ್ಟಿ, ಎತ್ತರ, ಮನೆಗಳಿಲ್ಲ. ತೋಟದ ಕೊನೆಯ ಸಾಲಿನ ಮರಗಳು ಹೋಗಬೇಕಾಗುತ್ತಿತ್ತು. ಇನ್ನೊಂದು, ಊರ ಹೊರಗಿನ ಕೇರಿಯ ನಡುವೆ. ಕಾಗದದಲ್ಲಿ ನಾವು ಅದನ್ನು ಹರಿಜನ ಕಾಲೋನಿ ಎಂದು ಬರೆಯುತ್ತಿದ್ದೆವು, ಊರಿನವರಿಗೆ ಅದು ಬರೀ ಕೇರಿ. ಅಲ್ಲಿ ತಗ್ಗು ನೆಲ, ಒತ್ತೊತ್ತಾಗಿ ಗುಡಿಸಲು, ನಟ್ಟನಡುವೆ ಒಂದು ಬಾವಿ. ನಾನು ತೋಟದ ಅಂಚಿನಲ್ಲಿ ಗೆರೆ ಎಳೆದು ಕಳಿಸಿದೆ.

ಮಂಜೂರಾಗಿ ಬಂದ ನಕ್ಷೆಯಲ್ಲಿ ಗೆರೆ ಜರುಗಿತ್ತು. ತೆಂಗಿನ ಮರಗಳು ಉಳಿದಿದ್ದವು, ಬಾವಿ ಹೋಗಿತ್ತು. ನಾನು ನಕ್ಷೆ ಹಿಡಿದುಕೊಂಡು ಹೊಸ ಅಸಿಸ್ಟೆಂಟ್ ಇಂಜಿನಿಯರ ಮುಂದೆ ನಿಂತೆ. ಅವರು ಕನ್ನಡಕ ಒರೆಸುತ್ತಾ, "ತಮಟೆ ಹೊಡೆಸಿದ್ದಾರೆ ಕಣ್ರೀ. ಒಂದು ತಕರಾರೂ ಬಂದಿಲ್ಲ. ಜನಕ್ಕೇ ಇಲ್ಲದ ತಕರಾರು ನಿಮಗೇಕೆ?" ಎಂದರು. ಪಟೇಲ ನಂಜೇಗೌಡರು ಬೋರ್ಡಿನ ಅಧ್ಯಕ್ಷರಿಗೆ ಬೀಗರು ಎಂಬುದು ಆಫೀಸಿನ ಜವಾನನಿಗೂ ಗೊತ್ತಿತ್ತು. ನಾನು ಗೂಟಗಳನ್ನು ಗಾಡಿಗೆ ಹೇರಿಸಿಕೊಂಡು ಹೊರಟೆ.

ಬಾವಿಯ ಹತ್ತಿರ ಮೊದಲ ಗೂಟಕ್ಕೆ ಸುತ್ತಿಗೆ ಬಿದ್ದ ಕೂಡಲೇ ಒಬ್ಬ ಹೆಂಗಸು ಕೊಡ ಕೆಳಗಿಟ್ಟು ಬಂದಳು. ನಡುವಯಸ್ಸಿನವಳು, ಗಟ್ಟಿ ದನಿ. ಹೆಸರು ದ್ಯಾವಮ್ಮ ಎಂದು ಆಮೇಲೆ ತಿಳಿಯಿತು.

"ಇದೇನ್ ಸಾ, ನಮ್ ಬಾವಿ ತಾವ ಗೂಟ?"

"ರಸ್ತೆ ಬರುತ್ತಮ್ಮ."

"ಬರ್ಲಿ, ಯಾರ್ ಬ್ಯಾಡ ಅಂದ್ರು? ಬಾವಿ ಎಲ್ಲಿಗ್ ಓಯ್ತದೆ?"

ಅವಳೇ ನಾವು ಹೊಡೆಯುತ್ತಾ ಬಂದಿದ್ದ ಗೂಟದಿಂದ ಗೂಟಕ್ಕೆ ಕಣ್ಣು ಹಾಯಿಸಿದಳು. ಅವಳಿಗೆ ತಿಳಿಯಿತು. "ಇದುನ್ನ ಯಾರ್ ಒಪ್ಪಿದ್ರು ಸಾ? ಯಾರ್ನ ಕೇಳಿ ಒಪ್ಪಿದ್ರು?"

"ಊರಿನವರನ್ನು ಕೇಳಿದ್ದಾರಂತೆ. ತಮಟೆ ಹೊಡೆಸಿದ್ದಾರಂತೆ."

ದ್ಯಾವಮ್ಮ ನಕ್ಕೇಬಿಟ್ಟಳು. "ಈ ಊರ್ಗೆ ತಮಟೆ ಒಡ್ಯೋನು ನನ್ ಗಂಡ ಕಣ್ ಸಾ. ಒಳಗವ್ನೆ, ಕರೀಲಾ?"

ಅವಳ ಗಂಡ ಸಿದ್ದಯ್ಯ ಗುಡಿಸಲಿನಿಂದ ಬಗ್ಗಿ ಹೊರಗೆ ಬಂದ. ತೆಳ್ಳಗಿನ ಆಳು, ಮಾತು ಕಡಿಮೆ. ನಾನು ಕೇಳಿದೆ. "ಒಡ್ದೆ ಸಾ" ಎಂದ. "ಪಟೇಲ್ರ ಬೀದೀಲಿ ಒಡ್ದೆ, ಗುಡಿ ಮುಂದೆ ಒಡ್ದೆ, ಅಂಗಡಿ ತಾವ ಒಡ್ದೆ. ಒಸ ರಸ್ತೆ ಆಯ್ತದೆ, ತಕರಾರಿದ್ದೋರು ಚಾವಡಿಗ್ ಬರಬೇಕು ಅಂತ ಸಾರು ಅಂದ್ರು ಸ್ಯಾನ್‌ಬೋಗ್ರು. ಸಾರ್ದೆ."

"ಕೇರಿಯಲ್ಲಿ?"

ನಾನೇನೋ ಹುಚ್ಚು ಮಾತಾಡಿದೆ ಎನ್ನುವ ಹಾಗೆ ಅವನು ನೋಡಿದ. "ಕೇರೀಲಿ ಯಾರ್ ಒಡೀತಾರೆ ಸಾ? ಊರ್ಗೆ ಸಾರೋನು ನಾನು. ನಂಗೆ ಸಾರೋರು ಯಾರು?"

ಆಗ ನನಗೆ ಹೊಳೆಯಿತು. ಇಷ್ಟು ವರ್ಷ ಹಳ್ಳಿ ಸುತ್ತಿದ್ದೆ, ನೂರಾರು ಸಲ ತಮಟೆ ಕೇಳಿದ್ದೆ, ಒಂದು ಸಲವೂ ಇದನ್ನು ಗಮನಿಸಿರಲಿಲ್ಲ. ತಮಟೆ ಕೇರಿಯಿಂದ ಹೊರಟು ಊರಿಗೆ ಹೋಗುತ್ತದೆ, ಊರಲ್ಲೆಲ್ಲ ಬಡಿದು ವಾಪಸ್ ಬಂದು ಗೋಡೆಯ ಗೂಟಕ್ಕೆ ನೇತು ಬೀಳುತ್ತದೆ. ಕೇರಿಯಲ್ಲಿ ಅದು ಸಾವಿಗೆ ಬಡಿಯಬಹುದು, ಹಬ್ಬಕ್ಕೆ ಬಡಿಯಬಹುದು. ಸರ್ಕಾರದ ಮಾತಿಗೆ ಬಡಿಯುವುದಿಲ್ಲ. ಬಡಿಯುವವನೇ ಅಲ್ಲಿಯವನಲ್ಲವೇ, ಅವರಿಗೆ ಗೊತ್ತೇ ಇರುತ್ತದೆ ಎಂದು ಊರಿನ ಲೆಕ್ಕ. ಸರ್ಕಾರದ ಮಾತು ನಮಗೆ ಸಂಬಂಧಿಸಿದ್ದಲ್ಲ ಎಂದು ಕೇರಿಯ ಲೆಕ್ಕ.

ಅಷ್ಟರಲ್ಲಿ ಜನ ಸೇರಿದ್ದರು. ಒಬ್ಬ ಸಿದ್ದಯ್ಯನ ಮುಖಕ್ಕೇ ಕೇಳಿದ, "ನಿಂಗೆ ಗೊತ್ತಿತ್ತು ಅಲ್ವೇನ್ಲಾ? ಗೊತ್ತಿದ್ರೂ ಬಾಯ್ ಮುಚ್ಕಂಡಿದ್ದೆ!"

"ರಸ್ತೆ ಅಂದ್ರು ಕಣಣ್ಣ. ಎಲ್ಲಿ ಅಂತ ಅವ್ರೂ ಅನ್ನಲಿಲ್ಲ, ನಾನೂ ಕೇಳಲಿಲ್ಲ" ಎಂದ ಸಿದ್ದಯ್ಯ. ಯಾರೂ ನಂಬಲಿಲ್ಲ. ಪಟೇಲರು ಅವನಿಗೆ ಏನೋ ಕೊಟ್ಟಿರಬೇಕು ಎಂದು ಅಲ್ಲೇ ಗುಸುಗುಸು ಶುರುವಾಯಿತು. ಆ ದಿನದಿಂದ ಅವನ ಹತ್ತಿರ ಕೂತು ಬೀಡಿ ಸೇದುವವರೇ ಇಲ್ಲವಾದರು.

ಆ ಬಾವಿಯ ವಿಷಯ ಹೇಳದಿದ್ದರೆ ನಿಮಗೆ ಇದು ಬರೀ ಒಂದು ಬಾವಿಯಾಗಿ ಕಾಣುತ್ತದೆ. ಊರಿನ ಬಾವಿಯನ್ನು ಕೇರಿಯವರು ಮುಟ್ಟುವಂತಿರಲಿಲ್ಲ. ಕೊಡ ಇಟ್ಟುಕೊಂಡು ದೂರ ನಿಲ್ಲಬೇಕು, ನೀರು ಸೇದುವವರಿಗೆ ಮನಸ್ಸು ಬಂದರೆ ಮೇಲಿನಿಂದ ಸುರಿಯುತ್ತಿದ್ದರು. ಮನಸ್ಸು ಬರದ ದಿನ ಹೊಳೆಗೆ ನಡೆಯಬೇಕು, ಹೊಳೆ ಹತ್ತಿರದಲ್ಲಿರಲಿಲ್ಲ. ಬಸುರಿ ಹೆಂಗಸರೂ ಹಾಗೆಯೇ ನಿಂತು ಕಾದವರು. ಕೊನೆಗೆ ಒಂದು ಬೇಸಿಗೆಯಲ್ಲಿ ಕೇರಿಯವರೆಲ್ಲ ಸೇರಿ, ಗೌಡರ ಹೊಲದ ಕೆಲಸ ಮುಗಿಸಿ ಬಂದು ದಿನವೂ ಇಷ್ಟಿಷ್ಟೇ ಅಗೆದು, ಬಂಡೆ ಸಿಕ್ಕಿದಾಗ ಅತ್ತು, ಪಕ್ಕಕ್ಕೆ ಸರಿದು ಮತ್ತೆ ಅಗೆದು ತೆಗೆದ ಬಾವಿ ಅದು. ನೀರು ಸಿಹಿಯಾಗಿತ್ತು. ನಾನು ಕುಡಿದಿದ್ದೇನೆ. ಆ ಕಾಲದಲ್ಲಿ ನಾನು ಅಲ್ಲಿ ಕುಡಿದದ್ದೇ ಊರಿನಲ್ಲಿ ಒಂದು ಸುದ್ದಿಯಾಯಿತು.

ನಾನು ಗೂಟ ಹೊಡೆಯುವುದನ್ನು ಅಷ್ಟಕ್ಕೇ ನಿಲ್ಲಿಸಿದೆ. ಮೇಲಿನವರಿಗೆ ಒಂದು ಅರ್ಜಿ ಹಾಕಿ, ನಮ್ಮ ಕೇರಿಯಲ್ಲಿ ಸಾರಿಲ್ಲ, ಆದ್ದರಿಂದ ಮಂಜೂರಾತಿ ಕ್ರಮಬದ್ಧವಲ್ಲ ಎಂದು ಕೇಳಿ ಎಂದು ಕೇರಿಯವರಿಗೆ ದಾರಿ ತೋರಿಸಿದೆ. ನೌಕರಿಗೆ ಸಂಚಕಾರ ಬರಬಹುದು ಎಂದು ನನ್ನ ಹೆಂಡತಿ ಹೆದರಿದಳು. ಸಂಚಕಾರ ಬರಲಿಲ್ಲ, ವಿಚಾರಣೆಗೆ ಜಿಲ್ಲಾ ಕಚೇರಿಯಿಂದ ಒಬ್ಬ ಸಾಹೇಬರು ಬಂದರು.

ವಿಚಾರಣೆ ನಡೆದದ್ದು ಊರಿನ ಚಾವಡಿಯಲ್ಲಿ. ಮೇಲೆ ಕುರ್ಚಿ ಹಾಕಿ ಸಾಹೇಬರು, ಪಟೇಲರು, ಶಾನುಭೋಗರು. ಕೇರಿಯವರು ಅಂಗಳದಲ್ಲಿ, ಬಿಸಿಲಿನಲ್ಲಿ. ಸಾಹೇಬರು, "ಅಲ್ಲಿಂದ ಹೇಳಿದರೆ ನನಗೆ ಕೇಳಿಸೋದಿಲ್ಲ, ಮೇಲೆ ಬನ್ನಿ" ಎಂದರು. ಯಾರೂ ಅಲುಗಲಿಲ್ಲ. ನಂಜೇಗೌಡರು ಎದ್ದು ನಿಂತು, ನಗುನಗುತ್ತಾ ಕರೆದರು. "ಬನ್ರಪ್ಪ ಮ್ಯಾಕೆ. ಈಗ ಕಾನೂನೇ ಅದೆ. ಯಾರ್ ಬ್ಯಾಡ ಅಂದೋರು? ಲೇ ಸಿದ್ದ, ಬಾರ್ಲಾ ನೀನು ಮೊದ್ಲು."

ಆ ನಗು ನನಗೆ ಇವತ್ತಿಗೂ ಮರೆತಿಲ್ಲ. ಅಂಗಳದಲ್ಲಿ ನಿಂತವರೆಲ್ಲ ಗೌಡರ ಹೊಲದಲ್ಲಿ ದುಡಿಯುವವರು. ಸಿದ್ದಯ್ಯ ನೆಲ ನೋಡುತ್ತಾ ನಿಂತ. ಆಗ ಆ ಸಾಹೇಬರು, ವಯಸ್ಸಿನಲ್ಲಿ ಚಿಕ್ಕವರು, ಕುರ್ಚಿ ಬಿಟ್ಟು ಎದ್ದರು. ಮೆಟ್ಟಿಲಿಳಿದು ಅಂಗಳಕ್ಕೆ ಬಂದು ಕೇರಿಯವರ ನಡುವೆ ನಿಂತರು. ಇನ್ನು ಗೆದ್ದೆವು ಎಂದುಕೊಂಡೆ.

ದ್ಯಾವಮ್ಮ ಮುಂದೆ ಬಂದಳು. "ನಾವು ರಸ್ತೆ ಬ್ಯಾಡ ಅನ್ನಕಿಲ್ಲ ಬುದ್ದಿ. ರಸ್ತೆಗೆ ಮಣ್ ಹೊರೋರೂ ನಾವೇಯ. ನಮ್ ಬಾವಿ ತಗೀಬೇಕಾದ್ರೆ ನಮ್ಗೆ ಒಂದ್ ಮಾತ್ ಯೋಳಬ್ಯಾಡ್ವಾ? ನಾಯಿ ಮಲಗಿದ್ರೂ ಎಬ್ಬಿಸ್ಬುಟ್ಟು ಗಾಡಿ ಒಡೀತಾರೆ. ಯೋಳಿ ಮಾಡಿ ಅಂತೀವಿ, ಅಷ್ಟೇಯ."

ಸಾಹೇಬರು ಎಲ್ಲವನ್ನೂ ಬರೆಸಿಕೊಂಡರು. ಕೇರಿಯಲ್ಲಿ ಸಾರಿದ್ದು ಹೌದೋ ಅಲ್ಲವೋ ಎಂದು ಶಾನುಭೋಗರನ್ನು ಕೇಳಿದರು. ಶಾನುಭೋಗರು, "ತಮಟೆಯವನೇ ಅವರವನು, ಮಹಾಸ್ವಾಮಿ" ಎಂದರು. ಸಾಹೇಬರು ಗದರಿಕೊಂಡರು. ಕೆಲಸ ನಿಲ್ಲಿಸಿ ಎಂದು ಅಲ್ಲೇ ನನಗೆ ಹೇಳಿದರು. ಮಂಜೂರಾತಿ ಕ್ರಮ ತಪ್ಪಿದೆ ಎಂದು ಕೆಲವು ದಿನಗಳಲ್ಲಿ ಆಜ್ಞೆಯೂ ಬಂತು. ನಾನೇ ಸೈಕಲ್ಲು ತುಳಿದುಕೊಂಡು ಹೋಗಿ ಕೇರಿಯಲ್ಲಿ ಓದಿ ಹೇಳಿದೆ. ಹೆಂಗಸರು ಬಾವಿಕಟ್ಟೆ ಸಾರಿಸಿ ರಂಗೋಲಿ ಬಿಟ್ಟರು. ಸಿದ್ದಯ್ಯನಿಗೆ ಒಬ್ಬ ಬೀಡಿ ಕೊಟ್ಟ. ನನಗೆ ಬೆಲ್ಲದ ನೀರು ಕೊಟ್ಟರು. ಇಡೀ ನೌಕರಿಯಲ್ಲಿ ನಾನು ಹೆಮ್ಮೆಯಿಂದ ಮನೆಗೆ ಹೋದ ಸಂಜೆ ಅದೊಂದೇ. ಆ ಆಜ್ಞೆಯ ಕೊನೆಯ ಸಾಲನ್ನು ನಾನೂ ಸಂತೋಷದಿಂದಲೇ ಓದಿದ್ದೆ. ಹೊಸದಾಗಿ, ಸ್ಪಷ್ಟವಾಗಿ, ಕೇರಿಯೂ ಸೇರಿದಂತೆ ಎಲ್ಲ ಕಡೆ ಸಾರಿ, ತಕರಾರು ಆಲಿಸಿ, ಬೋರ್ಡು ಮುಂದಿನ ತೀರ್ಮಾನ ತೆಗೆದುಕೊಳ್ಳತಕ್ಕದ್ದು.

ಮುಂದಿನ ತೀರ್ಮಾನ ಎಂದರೆ ಬೇರೆ ತೀರ್ಮಾನ ಎಂದು ನಾನು ಅರ್ಥ ಮಾಡಿಕೊಂಡಿದ್ದೆ. ಹುಡುಗರೇ, ಅಧಿಕಾರದ ಭಾಷೆಯಲ್ಲಿ ಹಾಗೆ ಅರ್ಥವಿಲ್ಲ.

ರಾಗಿ ಕೊಯ್ಲು ಮುಗಿದ ಮೇಲೆ ಎರಡನೇ ಸಲ ತಮಟೆ ಹೊಡೆಸುವಂತೆ ಕಾಗದ ಬಂತು. ಈ ಸಲ ಕೇರಿಯಲ್ಲಿ ಹೊಡೆಯುವಾಗ ಓವರ್ಸಿಯರು ಖುದ್ದಾಗಿ ಹಾಜರಿರಬೇಕು ಎಂದು ಅಪ್ಪಣೆ. ಸಾರಬೇಕಾದ ಮಾತನ್ನು ಶಾನುಭೋಗರು ಸಿದ್ದಯ್ಯನಿಗೆ ಬಾಯಿಪಾಠ ಮಾಡಿಸಿದ್ದರು. ಅವನು ಊರಿನಲ್ಲೆಲ್ಲ ಹೊಡೆದು ಕೇರಿಗೆ ಬಂದ. ಬಾವಿಯ ಹತ್ತಿರ ನಿಂತ. ತಮಟೆಯನ್ನು ಒಣ ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಿದ. ಅಷ್ಟು ಹೊತ್ತು ಯಾಕೆ ಕಾಯಿಸುತ್ತಿದ್ದಾನೆ ಎಂದು ನನಗೆ ಗೊತ್ತಿತ್ತು. ಕೊನೆಗೆ ಬಡಿದು ಕೂಗಿದ.

"ಕೇಳ್ರಪ್ಪೋ ಕೇಳಿ! ಒಸ ರಸ್ತೆ ನಮ್ ಕೇರಿ ಮ್ಯಾಲೆ ಬತ್ತದೆ! ಬಾವಿ ಮುಚ್ತಾರೆ! ತಕರಾರಿದ್ದೋರು ಚಾವಡಿಗೆ ಬರಬೇಕು!"

ಶಾನುಭೋಗರು ಹೇಳಿಕೊಟ್ಟದ್ದರಲ್ಲಿ ನಮ್ಮ ಎಂಬ ಮಾತು ಇರಲಿಲ್ಲ. ಬಾಗಿಲುಗಳಲ್ಲಿ ಜನ ನಿಂತು ಕೇಳಿದರು. ಮಕ್ಕಳು ತಮಟೆ ಸದ್ದಿಗೆ ಕುಣಿಯಲು ಬಂದವು, ತಾಯಂದಿರು ಎಳೆದುಕೊಂಡು ಒಳಗೆ ಹೋದರು. ಸಿದ್ದಯ್ಯ ತಮಟೆಯನ್ನು ಹೆಗಲಿಗೆ ಹಾಕಿಕೊಂಡು ನನ್ನ ಮುಂದೆ ಬಂದ. "ಈಗ ನಂಗೂ ಸಾರ್ದಂಗಾಯ್ತು ಸಾ" ಎಂದ.

ಚಾವಡಿಗೆ ಈ ಸಲ ಇಡೀ ಕೇರಿ ಹೋಯಿತು. ಮೇಲೆ ಹತ್ತಿಯೇ ಹೋಯಿತು. ದ್ಯಾವಮ್ಮ ಮೊದಲು ಮೆಟ್ಟಿಲು ಹತ್ತಿದಳು, ಉಳಿದವರು ಹಿಂದೆ. ಬೋರ್ಡಿನ ಅಧ್ಯಕ್ಷರು ಬಂದಿದ್ದರು, ಎಲ್ಲರನ್ನೂ ಚಾಪೆಯ ಮೇಲೆ ಕೂರಿಸಿದರು. ಒಬ್ಬೊಬ್ಬರೂ ಹೇಳಿದರು. ಬಾವಿ ತೆಗೆದ ಕಷ್ಟ ಹೇಳಿದರು, ಹೊಳೆಯ ದೂರ ಹೇಳಿದರು, ಊರಬಾವಿಯ ಹತ್ತಿರ ನಿಂತು ಕಾಯುವ ಅವಮಾನ ಹೇಳಿದರು. ತೋಟದ ಅಂಚಿನ ದಾರಿಯೇ ಗಟ್ಟಿ ನೆಲ ಎಂದು ನಾನೂ ಎದ್ದು ಹೇಳಿದೆ. ಅಧ್ಯಕ್ಷರು ಯಾರ ಮಾತನ್ನೂ ತಡೆಯಲಿಲ್ಲ. ತಲೆದೂಗಿದರು, ಪಾಪ ಎಂದರು, ಎಲ್ಲ ಬರೆಯಿರಿ ಎಂದು ಗುಮಾಸ್ತನಿಗೆ ಹೇಳಿದರು. ಹೊಸ ಬಾವಿ ತೋಡಿಸೋಣ ಎಂದೂ ಒಂದು ಮಾತು ಹೇಳಿದರು. ನಾನು ಆ ತಾಲ್ಲೂಕು ಬಿಡುವವರೆಗೂ ಅಲ್ಲಿ ಹೊಸ ಬಾವಿಗೆ ಒಂದು ಗುದ್ದಲಿ ಬೀಳಲಿಲ್ಲ.

ನಕ್ಷೆ ವಾಪಸ್ ಬಂತು. ಗೆರೆ ಕೂದಲೆಳೆಯಷ್ಟೂ ಜರುಗಿರಲಿಲ್ಲ. ತಕರಾರುಗಳನ್ನು ಕೂಲಂಕಷವಾಗಿ ಆಲಿಸಲಾಗಿದೆ ಎಂದು ಕೆಳಗೆ ಬರೆದಿತ್ತು. ಅದು ಸುಳ್ಳಲ್ಲ. ಮೊದಲ ಸಲದ ಮಂಜೂರಾತಿಯಲ್ಲಿ ಒಂದು ತೂತಾದರೂ ಇತ್ತು, ಅದರಲ್ಲಿ ಕೈ ಹಾಕಬಹುದಿತ್ತು. ಆ ತೂತನ್ನು ಹುಡುಕಿ ತೋರಿಸಿದವನು ನಾನು. ಅವರು ಅದನ್ನು ನೀಟಾಗಿ ಮುಚ್ಚಿಕೊಂಡರು. ವಿಚಾರಣೆಯ ಸಾಹೇಬರಿಗೆ ಮತ್ತೆ ಬರೆದೆವು. ಅವರು ಒಳ್ಳೆಯವರು, ಉತ್ತರ ಬರೆಸಿದರು. ಈಗ ಎಲ್ಲವೂ ಕ್ರಮಬದ್ಧವಾಗಿರುವುದರಿಂದ ನಾನು ನಡುವೆ ಬರುವಂತಿಲ್ಲ ಎಂದು.

ಕೆಲಸ ಶುರುವಾಯಿತು. ಜಲ್ಲಿ ಹಾಸಿದ ಮೇಲೆ ನೀರು ಕಟ್ಟಿ ರೋಲರ್ ಹೊಡೆಯಬೇಕು, ಇಲ್ಲದಿದ್ದರೆ ಕಲ್ಲು ಕೂರುವುದಿಲ್ಲ. ಕಂಟ್ರಾಕ್ಟರು ಹೊಳೆಯಿಂದ ನೀರು ತರಿಸುವ ಖರ್ಚು ಉಳಿಸಲು ಕೇರಿಯ ಬಾವಿಯಿಂದಲೇ ನೀರು ಸೇದಿಸಿದ. ಹೇಗೂ ಮುಚ್ಚುವ ಬಾವಿ ತಾನೆ ಎಂದ. ಸೇದಿದವರು ಕೇರಿಯ ಹೆಂಗಸರೇ, ಕೂಲಿಗೆ. ದೊಡ್ಡ ರಸ್ತೆಯ ಕಡೆಯಿಂದ ಜಲ್ಲಿ ಹಾಸಿಕೊಂಡು, ನೆನೆಸಿಕೊಂಡು, ದಿನದಿಂದ ದಿನಕ್ಕೆ ರಸ್ತೆ ಬಾವಿಯ ಹತ್ತಿರ ಬಂತು. ಕೊನೆಗೆ ಬಾವಿಯ ತಳದಲ್ಲಿ ಕೆಸರು ಕಂಡಿತು. ಆಗ ಕಲ್ಲು ಮಣ್ಣು ಸುರಿದು ತುಂಬಿದರು. ಸಿದ್ದಯ್ಯ ಆ ದಿನ ಕೇರಿಯಲ್ಲಿರಲಿಲ್ಲ. ಎರಡನೇ ತಮಟೆ ಆದ ಕೆಲವೇ ದಿನಕ್ಕೆ ಕಾಫಿ ತೋಟದ ಕೂಲಿಗೆಂದು ಹೋದವನು ತಿರುಗಿ ಬಂದಿರಲಿಲ್ಲ.

ತುಂಬಿದ ಜಾಗದ ಮೇಲೆ ಜಲ್ಲಿ ಹಾಸಿ ಆಗಿತ್ತು. ಹೊಗೆ ಬಿಡುವ ರೋಲರ್ ಈಚೆ ಬಂದು ನಿಂತಿತ್ತು. ದ್ಯಾವಮ್ಮ ಜಲ್ಲಿ ಹೊರುವ ಮಂಕರಿ ಕೆಳಗಿಟ್ಟು ನನ್ನ ಹತ್ತಿರ ಬಂದಳು. ಅವಳು ಅಳುತ್ತಿರಲಿಲ್ಲ, ಕೂಗಾಡಲೂ ಇಲ್ಲ. ಅವಳು ಕೂಗಾಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಮೊದ್ಲು ಯೋಳ್ದೇಯ ಮಾಡಕ್ ಬಂದ್ರು ಸಾ. ಆಗ ನಾವು, ಪಾಪ ಅವ್ರಿಗೆ ಗೊತ್ತಿಲ್ಲ, ಗೊತ್ತಾದ್ರೆ ಬುಡ್ತಾರೆ ಅಂದ್ಕಂಡೋ. ಈಗ ಎಲ್ಲಾ ಯೋಳುದ್ರು, ಎಲ್ಲಾ ಕೇಳುದ್ರು. ಕೇಳ್ಬುಟ್ಟು ಮುಚ್ಚುದ್ರು. ಇನ್ ಏನಂತ ಅಂದ್ಕಳವಾ ನಾವು?"

ನಾನು ಇಂಜಿನಿಯರಿಂಗ್ ಓದಿದವನು, ನಿಯಮಗಳೆಲ್ಲ ಬಾಯಿಗೆ ಬರುವವನು. ಅವಳು ಉತ್ತರಕ್ಕೆ ನಿಜವಾಗಿಯೂ ಕಾದಳು, ಸಾಕಷ್ಟು ಹೊತ್ತು ಕಾದಳು. ಆಮೇಲೆ ಮಂಕರಿ ಎತ್ತಿಕೊಂಡು ಉಳಿದ ಆಳುಗಳ ಸಾಲಿಗೆ ಸೇರಿಕೊಂಡಳು.

ರೋಲರಿನ ಡ್ರೈವರು ಮೇಲಿನಿಂದ ಬಗ್ಗಿ ಕೇಳಿದ, "ಗಾಡಿ ಮುಂದ್ಕೆ ಬುಡ್ಲಾ ಸಾ?"

"ಬಿಡು" ಎಂದೆ.